ಪ್ಲೇಟ್‌ಲೆಟ್ ಇಳಿದರೆ ಮಲೇರಿಯಾವನ್ನೂ ನೋಡಿ: ಶಿವಮೊಗ್ಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ, ಇವರಿಗೆ,
ಹಾಗೆಯೇ ಜಿಲ್ಲೆಯಲ್ಲಿ ಲ್ಯಾಬು, ಕ್ಲಿನಿಕ್ಕು ನಡೆಸುವ ಎಲ್ಲರಿಗೂ,

ಮಾನ್ಯರೇ, ನಮಸ್ಕಾರ.

ನಾನು ಡಾಕ್ಟರಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಬಹುಪಾಲು ನೌಕರಿ ಮೈಕ್ರೋಸ್ಕೋಪಿನ ಮುಂದೆಯೇ ಕಳೆಯಿತು. ಹಾಗಾಗಿ ರಕ್ತದ ವಿಷಯದಲ್ಲಿ ನಾಲ್ಕು ಮಾತು ಆಡುವ ಅಧಿಕಾರ ಇದೆ ಅಂದುಕೊಂಡಿದ್ದೇನೆ.

ನನ್ನ ಕೋರಿಕೆ ಚಿಕ್ಕದು. ಜ್ವರ ಬಂದವರ ರಕ್ತದಲ್ಲಿ, ಅದನ್ನು ಹೆಪ್ಪುಗಟ್ಟಿಸುವ ಚಿಕ್ಕ ಕಣಗಳಾದ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೆ ಬಂದರೆ, ಅದೇ ಟ್ಯೂಬಿನಲ್ಲಿ ಉಳಿದ ರಕ್ತದಲ್ಲಿ ಮಲೇರಿಯಾವನ್ನೂ ನೋಡಬೇಕು. ಡಾಕ್ಟರು ಇನ್ನೊಂದು ಚೀಟಿ ಬರೆಯಲಿ ಅಂತ ಕಾಯಬಾರದು. ಸೂಜಿ ಮತ್ತೆ ಚುಚ್ಚಬೇಕಿಲ್ಲ. ರಕ್ತ ಹೇಗೂ ಲ್ಯಾಬಿನಲ್ಲೇ ಇರುತ್ತದೆ, ಸಂಜೆ ಅದನ್ನು ಚೆಲ್ಲುತ್ತೇವೆ ಅಷ್ಟೇ. ಚೆಲ್ಲುವ ಮುಂಚೆ ಒಂದು ಹನಿ ಸ್ಲೈಡಿನ ಮೇಲೆ ಹಾಕಿ ಅನ್ನೋದು ನನ್ನ ಮಾತು. ಈ ಬಗ್ಗೆ ನಿಮ್ಮಿಂದ ಒಂದು ಸುತ್ತೋಲೆ ಹೊರಡಲಿ.

ಯಾಕೆ ಈ ಮಾತು ಹೇಳುತ್ತಿದ್ದೇನೆ ಅಂದರೆ, ಈಗ ನಮ್ಮ ಕಡೆ ಪ್ಲೇಟ್‌ಲೆಟ್ ಕಡಿಮೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಒಂದೇ ಹೆಸರು: ಡೆಂಗ್ಯೂ. ತಪ್ಪೇನಿಲ್ಲ, ಡೆಂಗ್ಯೂ ಜಾಸ್ತಿಯೇ ಇದೆ. 2024ರಲ್ಲಿ ರಾಜ್ಯ ಸರ್ಕಾರವೇ ಅದನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ನಮ್ಮ ಅಡಿಕೆ ತೋಟಗಳಲ್ಲಿ ಬಿದ್ದ ಹಾಳೆಯಲ್ಲಿ ನಿಂತ ನೀರೂ ಸಾಕು, ಅದರ ಸೊಳ್ಳೆಗೆ. ಆದರೆ ಪ್ಲೇಟ್‌ಲೆಟ್ ಇಳಿಸುವುದು ಡೆಂಗ್ಯೂ ಒಂದೇ ಅಲ್ಲ. ಮಂಗನ ಕಾಯಿಲೆಯಲ್ಲೂ ಇಳಿಯುತ್ತದೆ. ಇಲಿಜ್ವರದಲ್ಲಿ ಇಳಿಯುತ್ತದೆ. ಸ್ಕ್ರಬ್ ಟೈಫಸ್‌ನಲ್ಲಿ ಇಳಿಯುತ್ತದೆ. ಮಲೇರಿಯಾದಲ್ಲಂತೂ ಇಳಿಯದೇ ಇರುವವರೇ ಕಡಿಮೆ. ಮಲೇರಿಯಾ ಅಂದರೆ ಚಳಿ, ನಡುಕ, ರಕ್ತಹೀನತೆ ಅಂತ ಕಲಿತಿದ್ದೇವೆ. ಪ್ಲೇಟ್‌ಲೆಟ್ ಮಾತು ಅದರ ಜೊತೆ ಯಾರೂ ಸೇರಿಸುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಆ ಅಂಕಿ ಕಣ್ಣಿಗೆ ಹೊಡೆಯುವಷ್ಟು ಕೆಳಗಿದ್ದರೂ ಮಲೇರಿಯಾ ನೆನಪಾಗುವುದೇ ಇಲ್ಲ.

ನಮ್ಮ ಊರಿನಲ್ಲೇ ಆದದ್ದೊಂದನ್ನು ಹೇಳುತ್ತೇನೆ. ಹೆಸರು, ಆಸ್ಪತ್ರೆ ಯಾವುದೂ ಬೇಡ. ಹುಡುಗನೊಬ್ಬ ಘಟ್ಟದ ಕೆಳಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಳೆಗಾಲದಲ್ಲಿ ಕೆಲಸ ನಿಂತಿತು ಅಂತ ಆಗುಂಬೆ ಹತ್ತಿ ಮನೆಗೆ ಬಂದ. ಬಂದು ಸ್ವಲ್ಪ ದಿನಕ್ಕೆ ಜ್ವರ. ರಕ್ತ ಕೊಟ್ಟರು, ಪ್ಲೇಟ್‌ಲೆಟ್ 58 ಸಾವಿರ ಬಂತು. ‘ಡೆಂಗ್ಯೂ’ ಅಂದರು. ಡೆಂಗ್ಯೂ ಟೆಸ್ಟ್ ನೆಗೆಟಿವ್ ಬಂತು. ‘ಕೆಲವು ಸಲ ಹಾಗೇ ಬರುತ್ತೆ, ಆದ್ರೂ ಡೆಂಗ್ಯೂನೇ’ ಅಂದರು. ಮಲಗಿಸಿ ಡ್ರಿಪ್ ಹಾಕಿದರು. ಬೆಳಿಗ್ಗೆ ಒಂದು ಕೌಂಟು, ಸಂಜೆ ಒಂದು ಕೌಂಟು. ಮನೆಯವರು ಪಪ್ಪಾಯಿ ಎಲೆ ಅರೆದು ರಸ ಕುಡಿಸಿದರು. ಶಿವಮೊಗ್ಗದಿಂದ ಕಿವಿ ಹಣ್ಣು ಬಂತು. (ಆ ಹಣ್ಣಿನ ರೇಟು ಮಳೆಗಾಲದಲ್ಲಿ ಯಾಕೆ ಏರುತ್ತದೆ ಅಂತ ಕೇಳಿದವರಿಲ್ಲ.) ಕೌಂಟು ಇನ್ನೂ ಇಳಿದಾಗ ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಅರ್ಜೆಂಟಾಗಿ ಪ್ಲೇಟ್‌ಲೆಟ್ ಬೇಕು’ ಅಂತ ಮೆಸೇಜು ಓಡಾಡಿತು. ಇಷ್ಟೆಲ್ಲ ಆಗುವಾಗ ‘ಎಲ್ಲಿ ಕೆಲಸಕ್ಕೆ ಹೋಗಿದ್ದೆ ಮಾರಾಯ?’ ಅಂತ ಒಬ್ಬರೂ ಆ ಹುಡುಗನನ್ನು ಕೇಳಿರಲಿಲ್ಲ.

ಕೊನೆಗೆ ಇನ್ನೊಂದು ಆಸ್ಪತ್ರೆಗೆ ಕರೆದೊಯ್ದಾಗ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಆ ಪ್ರಶ್ನೆ ಕೇಳಿದರು. ಹನಿ ರಕ್ತದಲ್ಲೇ ಮಲೇರಿಯಾ ತೋರಿಸುವ ಕಾರ್ಡ್ ಟೆಸ್ಟ್ ಮಾಡಿಸಿದರು. ಇಪ್ಪತ್ತು ನಿಮಿಷದಲ್ಲಿ ಗೆರೆ ಬಂತು. ಮಲೇರಿಯಾ, ವೈವಾಕ್ಸ್ ಅನ್ನುವ ಜಾತಿಯದು. ಸರ್ಕಾರ ಪುಕ್ಕಟೆ ಕೊಡುವ ಮಾತ್ರೆ ಶುರುವಾಯಿತು. ಜ್ವರ ಬಿಟ್ಟಿತು, ವಾರದೊಳಗೆ ಕೌಂಟು ತಾನಾಗಿ ಏರಿತು. ಪ್ಲೇಟ್‌ಲೆಟ್ ಏರಿಸಬೇಕಾಗಿ ಬರಲೇ ಇಲ್ಲ. ಮನೆಯವರು ಇವತ್ತಿಗೂ ಪಪ್ಪಾಯಿ ಎಲೆಯಿಂದಲೇ ಗುಣವಾಯಿತು ಅಂತ ಹೇಳುತ್ತಾರೆ. ಅವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ ಅಂತ ಸುಮ್ನೆ ಆಗಿದ್ದೇನೆ.

ಅವನದು ವೈವಾಕ್ಸ್ ಆಗಿದ್ದರಿಂದ ಇಷ್ಟು ತಡವಾದರೂ ಬಚಾವಾದ. ಇನ್ನೊಂದು ಜಾತಿ, ಫಾಲ್ಸಿಪ್ಯಾರಮ್ ಆಗಿದ್ದರೆ ಅಷ್ಟು ದಿನ ಕಾಯುವ ಹಾಗೇ ಇಲ್ಲ. ಅದು ಮಿದುಳಿಗೆ, ಕಿಡ್ನಿಗೆ ಹೋಗಲು ಒಂದೆರಡು ದಿನ ಸಾಕು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಇನ್ನೂ ಅಪಾಯ. ವೈವಾಕ್ಸ್ ಕೂಡ ಸಾಧು ಅಂತ ಹಿಂದೆ ಹೇಳುತ್ತಿದ್ದರು, ಈಗ ಯಾರೂ ಅಷ್ಟು ಧೈರ್ಯವಾಗಿ ಹೇಳುವುದಿಲ್ಲ.

ಮಲೇರಿಯಾದಲ್ಲಿ ಪ್ಲೇಟ್‌ಲೆಟ್ ಯಾಕೆ ಇಳಿಯುತ್ತದೆ? ರೋಗಾಣು ಇರುವುದು ಕೆಂಪು ರಕ್ತಕಣದ ಒಳಗೆ, ಪ್ಲೇಟ್‌ಲೆಟ್ಟಿಗೂ ಅದಕ್ಕೂ ಏನು ಸಂಬಂಧ ಅಂತ ನನ್ನನ್ನೂ ಹಲವರು ಕೇಳಿದ್ದಾರೆ. ಕಾರಣ ಒಂದೇ ಅಲ್ಲ. ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಕೆಳಗೆ ಗುಲ್ಮ ಇರುತ್ತದೆ. ಸ್ಪ್ಲೀನ್ ಅಂತಾರಲ್ಲ, ಅದು. ಆರೋಗ್ಯವಾಗಿದ್ದಾಗಲೂ ಮೈಯ ಪ್ಲೇಟ್‌ಲೆಟ್ಟುಗಳಲ್ಲಿ ಮೂರರಲ್ಲೊಂದು ಪಾಲು ಅದರೊಳಗೇ ಇರುತ್ತದೆ. ಮಲೇರಿಯಾ ಬಂದಾಗ ಗುಲ್ಮ ದೊಡ್ಡದಾಗುತ್ತದೆ, ಇನ್ನಷ್ಟು ಪ್ಲೇಟ್‌ಲೆಟ್ಟುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಲೆನಾಡಿನ ಹಳಬರು ‘ಜ್ವರಗಡ್ಡೆ’ ಅನ್ನುತ್ತಿದ್ದದ್ದು ಇದನ್ನೇ. ಆಗೆಲ್ಲ ಮಕ್ಕಳ ಹೊಟ್ಟೆ ಮುಟ್ಟಿ ನೋಡಿಯೇ ಊರಿನಲ್ಲಿ ಮಲೇರಿಯಾ ಎಷ್ಟಿದೆ ಅಂತ ಅಂದಾಜು ಮಾಡುತ್ತಿದ್ದರು.

ಎರಡನೆಯದು, ಮೈಯ ರೋಗನಿರೋಧಕ ವ್ಯವಸ್ಥೆ ರೋಗಾಣುವಿನ ಜೊತೆ ಪ್ಲೇಟ್‌ಲೆಟ್ಟುಗಳ ಮೇಲೂ ಗುರುತು ಅಂಟಿಸಿಬಿಡುತ್ತದೆ. ಗುರುತು ಬಿದ್ದವುಗಳನ್ನು ಗುಲ್ಮ ನಾಶ ಮಾಡುತ್ತದೆ. ಇದಲ್ಲದೆ ರಕ್ತನಾಳದ ಒಳಗೋಡೆ ಕೆರಳಿರುವುದರಿಂದ ಅಲ್ಲಿಗೆ ಹೋಗಿ ಅಂಟಿಕೊಂಡು ಖರ್ಚಾಗುವವೂ ಇವೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾದದ್ದು. ಪ್ಲೇಟ್‌ಲೆಟ್ಟುಗಳು ರೋಗಾಣು ಹೊಕ್ಕ ಕೆಂಪುಕಣಕ್ಕೆ ಹೋಗಿ ಅಂಟಿಕೊಳ್ಳುತ್ತವೆ, ತಮ್ಮೊಳಗಿನ ಒಂದು ಪ್ರೋಟೀನು ಬಿಟ್ಟು ಒಳಗಿರುವ ರೋಗಾಣುವನ್ನು ಕೊಲ್ಲುತ್ತವೆ. ಅಂದರೆ ಅವುಗಳಲ್ಲಿ ಒಂದಷ್ಟು ಹೋರಾಡಿಯೇ ಮುಗಿಯುತ್ತವೆ. ರಕ್ತ ಹೆಪ್ಪುಗಟ್ಟಿಸೋದಷ್ಟೇ ಅವುಗಳ ಕೆಲಸ ಅಂತ ನಾವು ಓದಿದ್ದ ಕಾಲ ಹೋಯಿತು.

ಪ್ಲೇಟ್‌ಲೆಟ್ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಮಲೇರಿಯಾದಲ್ಲಿ ಸಾಮಾನ್ಯವಾಗಿ ಆ ಕೆಲಸ ನಿಲ್ಲುವುದಿಲ್ಲ, ತಯಾರಾದದ್ದು ಬೇಗ ಬೇಗ ಕಳೆದುಹೋಗುತ್ತದೆ ಅಷ್ಟೇ. ಆದ್ದರಿಂದಲೇ ರೋಗಾಣು ಸತ್ತ ಮೇಲೆ ಕೌಂಟು ಇಷ್ಟು ಚುರುಕಾಗಿ ಏರೋದು. ಔಷಧಿ ಶುರುವಾಗಿ ಮೂರು ನಾಲ್ಕು ದಿನಕ್ಕೆ ಏರಿಕೆ ಕಾಣಿಸುತ್ತದೆ, ಹೆಚ್ಚಿನವರಲ್ಲಿ ವಾರ ಹತ್ತು ದಿನದಲ್ಲಿ ಸರಿಹೋಗುತ್ತದೆ. ಕೌಂಟು 50 ಸಾವಿರಕ್ಕಿಂತ ಕೆಳಗೆ ಹೋದರೂ ಮಲೇರಿಯಾದಲ್ಲಿ ದೊಡ್ಡ ರಕ್ತಸ್ರಾವ ಅಪರೂಪ. ಬರೀ ಪ್ಲೇಟ್‌ಲೆಟ್ ಕಡಿಮೆ ಇದೆ ಅನ್ನುವ ಕಾರಣಕ್ಕೆ ತೀವ್ರ ಮಲೇರಿಯಾ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಲೆಕ್ಕ ಹಾಕುವುದಿಲ್ಲ. ಪ್ರಜ್ಞೆ ತಪ್ಪುವುದು, ಫಿಟ್ಸ್, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಕಾಮಾಲೆ, ಎಲ್ಲಿಂದಾದರೂ ರಕ್ತ ಸೋರುವುದು, ಇವನ್ನು ಕಂಡರೆ ಹೆದರಬೇಕು. ರಕ್ತ ಸೋರದೆ ಇದ್ದರೆ, ಕೌಂಟು 10 ಸಾವಿರದ ಹತ್ತಿರ ಹೋಗದೆ ಇದ್ದರೆ, ಪ್ಲೇಟ್‌ಲೆಟ್ ಚೀಲ ಏರಿಸುವ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಅದನ್ನು ನಿರ್ಧರಿಸುವವರು ಡಾಕ್ಟರು, ವಾಟ್ಸಾಪ್ ಗುಂಪಲ್ಲ. ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಬರುವುದಿಲ್ಲ. ಬೇಡದವರಿಗೆ ಏರಿಸಿದರೆ ಬೇಕಾದವರಿಗೆ ಸಿಗುವುದಿಲ್ಲ.

ಮಲೇರಿಯಾ ನೋಡದೆ ಬೆಳಿಗ್ಗೆ ಸಂಜೆ ಕೌಂಟು ಮಾತ್ರ ನೋಡುತ್ತಾ ಕೂರುವುದು, ಕೊಳೆರೋಗ ಬಂದ ಅಡಿಕೆ ತೋಟದಲ್ಲಿ ಬೋರ್ಡೋ ಔಷಧಿ ಹೊಡೆಯದೆ ಉದುರಿದ ಕಾಯಿ ಎಣಿಸುತ್ತಾ ಕೂತ ಹಾಗೆ. ಲೆಕ್ಕ ಸರಿಯಾಗಿಯೇ ಇರುತ್ತದೆ, ಕಾಯಿ ಉದುರೋದು ನಿಲ್ಲುವುದಿಲ್ಲ.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಈಗ ಎಲ್ಲ ಲ್ಯಾಬಿನಲ್ಲೂ ಸೆಲ್ ಕೌಂಟರ್ ಮೆಷಿನ್ ಇದೆ. ಒಳ್ಳೆಯದೇ. ಒಂದು ನಿಮಿಷದಲ್ಲಿ ಇಪ್ಪತ್ತು ಅಂಕಿ ಪ್ರಿಂಟಾಗಿ ಬರುತ್ತದೆ. ಆದರೆ ಮೆಷಿನ್ ಬಂದ ಮೇಲೆ ಸ್ಲೈಡ್ ನೋಡುವವರು ಕಡಿಮೆಯಾದರು. ಮೆಷಿನ್ ಕಣಗಳನ್ನು ಗಾತ್ರ ನೋಡಿ ಎಣಿಸುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಅನ್ನುವ ರಾಸಾಯನಿಕದ ದೆಸೆಯಿಂದ ಕೆಲವರ ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಆ ಗುಂಪನ್ನು ಮೆಷಿನ್ ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ. ಮೈಯಲ್ಲಿ ಎರಡು ಲಕ್ಷ ಇದ್ದವರಿಗೂ ಕಾಗದದಲ್ಲಿ 40 ಸಾವಿರ ಬರಬಹುದು! ರಕ್ತ ತೆಗೆಯುವಾಗ ತಡವಾಗಿ, ಟ್ಯೂಬ್ ಸರಿಯಾಗಿ ಅಲ್ಲಾಡಿಸದೆ ಬಿಟ್ಟರೂ ಇದೇ ಗತಿ. ಮೈಕ್ರೋಸ್ಕೋಪಿನಲ್ಲಿ ಒಂದು ಸಲ ಕಣ್ಣಾಡಿಸಿದರೆ ಗುಂಪು ಕಾಣುತ್ತದೆ. ನಿಜವಾಗಿ ಕಡಿಮೆ ಇದ್ದರೆ ಅದೂ ಗೊತ್ತಾಗುತ್ತದೆ. ಅದೇ ಸ್ಲೈಡಿನಲ್ಲಿ, ಅದೇ ಹೊತ್ತಿನಲ್ಲಿ, ಕೆಂಪುಕಣದ ಒಳಗೆ ಉಂಗುರದ ಹಾಗೆ ಕೂತ ಮಲೇರಿಯಾ ರೋಗಾಣುವೂ ಕಾಣುತ್ತದೆ. ಒಂದು ಸ್ಲೈಡಿಗೆ ಎರಡು ಕೆಲಸ. ಇದಕ್ಕಿಂತ ಅಗ್ಗದ ಪರೀಕ್ಷೆ ಯಾವುದಿದೆ ಹೇಳಿ?

ಸ್ಲೈಡಿನ ಮೇಲೆ ರಕ್ತ ಸವರಿದ ತೆಳು ಲೇಪದಲ್ಲಿ ಕಾಣದಿದ್ದರೆ ದಪ್ಪ ಲೇಪ ನೋಡಬೇಕು, ರೋಗಾಣು ಕಡಿಮೆ ಇದ್ದಾಗ ಸಿಗುವುದು ಅದರಲ್ಲೇ. ನೋಡಲು ಪುರುಸೊತ್ತಿಲ್ಲದ ಕಡೆ ಕಾರ್ಡ್ ಟೆಸ್ಟ್ ಆದರೂ ಮಾಡಲಿ, ಫಾಲ್ಸಿಪ್ಯಾರಮ್ ಮತ್ತು ವೈವಾಕ್ಸ್ ಎರಡಕ್ಕೂ ಗೆರೆ ತೋರಿಸುವ ಕಾರ್ಡು. ಒಂದು ಸಲ ನೆಗೆಟಿವ್ ಬಂದರೆ ಮುಗಿಯಿತು ಅಂತಲೂ ಇಲ್ಲ. ಜ್ವರ ಬಿಡದಿದ್ದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ಲೇಟ್‌ಲೆಟ್ ಸರಿಯಾಗಿದ್ದರೆ ಮಲೇರಿಯಾ ಇಲ್ಲ ಅಂತ ಕೈತೊಳೆದುಕೊಳ್ಳುವುದೂ ಬೇಡ. ಡೆಂಗ್ಯೂ ಪಾಸಿಟಿವ್ ಬಂದವರಲ್ಲೂ ಮಲೇರಿಯಾ ಜೊತೆಗಿರಬಹುದು. ‘ದಿನ ಬಿಟ್ಟು ದಿನ ಚಳಿ ಬರ್ತಿಲ್ಲ, ಹಾಗಾಗಿ ಮಲೇರಿಯಾ ಅಲ್ಲ’ ಅನ್ನುವ ವಾದವನ್ನೂ ಕೇಳಿದ್ದೇನೆ. ಮೊದಲ ಕೆಲವು ದಿನ ಜ್ವರಕ್ಕೆ ಅಂಥ ಲೆಕ್ಕಾಚಾರ ಏನೂ ಇರುವುದಿಲ್ಲ.

‘ಜಿಲ್ಲೆಯಲ್ಲಿ ಮಲೇರಿಯಾ ಈಗ ಎಲ್ಲಿದೆ ಸ್ವಾಮಿ?’ ಅಂತ ನೀವು ಕೇಳಬಹುದು. ನಿಜ, ಈಗ ಅಪರೂಪ. ಒಂದು ಕಾಲದಲ್ಲಿ ಮಲೆನಾಡು ಅಂದರೆ ಬಯಲುಸೀಮೆಯವರು ಹೆಣ್ಣು ಕೊಡಲು ಹೆದರುತ್ತಿದ್ದರು, ನೌಕರರು ವರ್ಗ ಬೇಡ ಅಂತ ಅರ್ಜಿ ಹಾಕುತ್ತಿದ್ದರು. ಎಲ್ಲಾ ಚಳಿಜ್ವರದ ಭಯ. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು. ಡಿಡಿಟಿ ಹೊಡೆಯುವವರು ಬಂದು ಗೋಡೆಯ ಮೇಲೆ ತಾರೀಕು ಬರೆದು ಹೋಗುತ್ತಿದ್ದದ್ದು ಹಳೇ ಮನೆಗಳಲ್ಲಿ ಬೆಳೆದವರಿಗೆ ನೆನಪಿರುತ್ತದೆ. ಆ ಕೆಲಸದ ಫಲವನ್ನು ನಾವು ಉಣ್ಣುತ್ತಿದ್ದೇವೆ. ಆದರೆ ಕಾಯಿಲೆ ಅಪರೂಪವಾದಷ್ಟೂ ಅದನ್ನು ಗುರುತಿಸುವ ಕಣ್ಣೂ ಅಪರೂಪವಾಗುತ್ತದೆ. ಹೊಸದಾಗಿ ಬಂದ ಹುಡುಗರಲ್ಲಿ ಪಾಸಿಟಿವ್ ಸ್ಲೈಡನ್ನು ಕಣ್ಣಾರೆ ನೋಡದವರೇ ಜಾಸ್ತಿ. ಅದು ಅವರ ತಪ್ಪಲ್ಲ.

ರೋಗ ಹೋಗಿದೆ, ಸೊಳ್ಳೆ ಹೋಗಿಲ್ಲ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಅನ್ನುವ ಸೊಳ್ಳೆ ಗುಡ್ಡದ ತಪ್ಪಲಿನಲ್ಲಿ, ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳದ ಅಂಚಿನಲ್ಲಿ ಮರಿ ಮಾಡುತ್ತದೆ. ಅಂಥ ಹಳ್ಳ ನಮ್ಮಲ್ಲಿ ಯಾವ ಊರಲ್ಲಿಲ್ಲ? ಹೊರಗಿನಿಂದ ಒಬ್ಬರ ರಕ್ತದಲ್ಲಿ ರೋಗಾಣು ಬಂದರೆ ಸಾಕು, ಹಬ್ಬಿಸುವ ಸೊಳ್ಳೆ ಇಲ್ಲೇ ಕಾಯುತ್ತಿದೆ. ಬರುವ ದಾರಿಗಳೂ ಬೇಕಾದಷ್ಟಿವೆ. ರಾಜ್ಯದ ಮಲೇರಿಯಾದಲ್ಲಿ ದೊಡ್ಡ ಪಾಲು ಬಹಳ ವರ್ಷ ದಕ್ಷಿಣ ಕನ್ನಡದ್ದೇ, ಅದರಲ್ಲೂ ಮಂಗಳೂರು ನಗರದ್ದೇ ಆಗಿತ್ತು. ನಮ್ಮ ಹುಡುಗರು ಕೆಲಸಕ್ಕೆ ಹೋಗುವುದು ಅಲ್ಲಿಗೇ. ನಮ್ಮ ತೋಟಕ್ಕೆ, ರಸ್ತೆ ಕೆಲಸಕ್ಕೆ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಜನ ಬರುತ್ತಾರೆ. ಅವರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಜ್ವರ ಬಂದರೆ ಅವರಿಗೂ ಅದೇ ದಿನ ಪರೀಕ್ಷೆ, ಅದೇ ದಿನ ಮಾತ್ರೆ ಸಿಗಬೇಕು ಅನ್ನುವುದು. ಅವರ ಶೆಡ್ಡಿನ ಹತ್ತಿರ ನಮ್ಮ ಆಶಾ ಕಾರ್ಯಕರ್ತೆಯರು ಹೋಗುತ್ತಾರೆ, ಭಾಷೆ ಬಾರದೆ ವಾಪಸು ಬರುತ್ತಾರೆ. ಹಿಂದಿಯಲ್ಲಿ ನಾಲ್ಕು ಪ್ರಶ್ನೆ ಬರೆದ ಒಂದು ಚೀಟಿ ಕೊಟ್ಟರೂ ಸಾಕು.

ವೈವಾಕ್ಸ್ ಬಗ್ಗೆ ಇನ್ನೊಂದು ಮಾತು. ಅದು ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ ಅಡಗಿ ಕೂರುತ್ತದೆ. ಮೂರು ದಿನದ ಕ್ಲೋರೋಕ್ವಿನ್‌ಗೆ ಜ್ವರ ಬಿಟ್ಟಿತು, ಕೌಂಟು ಏರಿತು ಅಂತ ಜನ, ಹಾಗೆ ಅಡಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅದನ್ನು 14 ದಿನ ನುಂಗಬೇಕು. ಬಿಟ್ಟರೆ ತಿಂಗಳುಗಳಾದ ಮೇಲೆ ಮತ್ತೆ ಜ್ವರ, ಮತ್ತೆ ಕೌಂಟು ಇಳಿಯುತ್ತದೆ. ಬಸುರಿಯರಿಗೆ, ಎಳೆ ಕೂಸುಗಳಿಗೆ, ಕೆಂಪುಕಣವನ್ನು ಕಾಯುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ಆ ಮಾತ್ರೆ ಆಗುವುದಿಲ್ಲ, ಆದ್ದರಿಂದ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವಂತಿಲ್ಲ. ರೋಗ ಮರುಕಳಿಸುವ ಕಾರಣಕ್ಕೇ ‘ಕಳೆದ ವಾರ ಎಲ್ಲಿಗೆ ಹೋಗಿದ್ರಿ’ ಅಂತ ಕೇಳಿದರೆ ಸಾಲದು. ಹೋದ ವರ್ಷದ ಊರುಗಳನ್ನೂ ಕೇಳಬೇಕು.

ಓದುತ್ತಿರುವ ಊರಿನವರಿಗೂ ಇದೇ ಹೇಳುವುದು. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಎಲ್ಲಿ ಕೆಲಸ ಮಾಡಿದ್ದೆ, ಎಲ್ಲಿ ಮಲಗಿದ್ದೆ, ಹಿಂದೆ ಮಲೇರಿಯಾ ಬಂದಿತ್ತಾ, ಕಾಡಿಗೆ ಹೋಗಿದ್ದಾಗ ಉಣ್ಣಿ ಕಚ್ಚಿತ್ತಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ, ಅದನ್ನು ಮರೆಯುವ ಹಾಗಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ರಕ್ತ ಸೋರುವ ಅಪಾಯ ಜಾಸ್ತಿ ಮಾಡುತ್ತವೆ.

ಮಾನ್ಯರೇ, 2027ರೊಳಗೆ ದೇಶದೊಳಗೆ ಹರಡುವ ಮಲೇರಿಯಾ ಪ್ರಕರಣ ಸೊನ್ನೆಗೆ ಇಳಿಯಬೇಕು, 2030ಕ್ಕೆ ಮಲೇರಿಯಾ ಮುಕ್ತ ಅನ್ನಿಸಿಕೊಳ್ಳಬೇಕು ಅಂತ ಕೇಂದ್ರ ಸರ್ಕಾರ ಗುರಿ ಹಾಕಿದೆ. ಡೆಂಗ್ಯೂ ಅಂತ ಬರೆದುಕೊಂಡು ಬಿಟ್ಟ ಮಲೇರಿಯಾ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಪುಸ್ತಕದಲ್ಲಿ ಸೊನ್ನೆ ಬರೆಯುವುದು ಸುಲಭ ಅಲ್ವಾ? ನಾನು ಕೇಳುತ್ತಿರುವುದು ನಿಜವಾದ ಸೊನ್ನೆ. ಅದಕ್ಕೇ ಸುತ್ತೋಲೆಯಲ್ಲಿ ಇಷ್ಟು ಇರಲಿ: ಜ್ವರದ ಜೊತೆ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಬಂದ ಪ್ರತಿ ರಿಪೋರ್ಟಿನ ಕೆಳಗೆ ಸ್ಲೈಡ್ ಅಥವಾ ಕಾರ್ಡಿನ ಫಲಿತಾಂಶ ಬರೆದಿರಬೇಕು. ಖಾಸಗಿ ಲ್ಯಾಬು ಇದಕ್ಕಾಗಿ ಬೇರೆ ದುಡ್ಡು ಕೇಳುವ ಹಾಗಾಗಬಾರದು, ಬೇಕಿದ್ದರೆ ಕಾರ್ಡನ್ನು ಇಲಾಖೆಯೇ ಕೊಡಲಿ. ಪಾಸಿಟಿವ್ ಬಂದರೆ ಅದೇ ದಿನ ನಿಮಗೆ ಫೋನ್ ಬರಲಿ. ಮಳೆ ಹಿಡಿಯುವ ಮುಂಚೆ ಇದು ಹೊರಟರೆ ಒಳ್ಳೆಯದು, ಆಮೇಲೆ ನಿಮಗೂ ಡೆಂಗ್ಯೂ ಮೀಟಿಂಗುಗಳೇ ಆಗಿಬಿಡುತ್ತವೆ.

ಹೊಸ ಟೆಕ್ನಿಷಿಯನ್‌ಗಳಿಗೆ ಸ್ಲೈಡ್ ನೋಡಲು ಕಲಿಸಬೇಕಿದ್ದರೆ ನಮ್ಮಂಥ ನಿವೃತ್ತರು ತಾಲ್ಲೂಕಿಗೊಬ್ಬರಾದರೂ ಸಿಗುತ್ತೇವೆ. ಗೌರವಧನ ಬೇಡ, ಬಸ್ ಚಾರ್ಜು ಕೊಟ್ಟರೆ ಸಾಕು. ಸ್ಲೈಡ್ ಮಾತ್ರ ಹೊಸದು ತರಿಸಿಡಿ. ತೊಳೆದು ತೊಳೆದು ಗೀರು ಬಿದ್ದ ಹಳೇ ಸ್ಲೈಡಿನಲ್ಲಿ ಗೀರೂ ರೋಗಾಣು ಥರ ಕಾಣುತ್ತದೆ, ಕೆಂಪುಕಣದ ಮೇಲೆ ಕೂತ ಪ್ಲೇಟ್‌ಲೆಟ್ಟೂ ರೋಗಾಣು ಥರ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ತೀರ್ಥಹಳ್ಳಿ ತಾಲ್ಲೂಕು